ಡಿಕ್ಕಿ ಬಾಗಿಲು ನಿಲ್ಲುತ್ತಿಲ್ಲ, ಒಂದೇ ಶಾಕ್ ಬದಲಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಮಡಿಕೇರಿ. ಏಳು ಸೀಟಿನ ಗಾಡಿ, ಹಿಂದಿನ ಬಾಗಿಲು ತುಂಬಾ ಭಾರ. ಬೆಳಗಿನ ಚಳಿಯಲ್ಲಿ ಎತ್ತಿದರೆ ನಿಧಾನಕ್ಕೆ ಇಳಿದು ತಲೆಗೇ ಬರುತ್ತದೆ. ಮಧ್ಯಾಹ್ನ ಬಿಸಿಲಿಗೆ ನಿಲ್ಲುತ್ತದೆ! ಬಾಗಿಲನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ಶಾಕ್‌ಗಳಲ್ಲಿ ಎಡಗಡೆಯದರ ರಾಡಿನ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದೆ. ಅದೊಂದನ್ನೇ ಬದಲಿಸಲಾ?

ಉತ್ತರ: ಎರಡನ್ನೂ ಒಟ್ಟಿಗೇ ಹಾಕಿ ಸರ್. ಒಂದೇ ಹೊಸದಾದರೆ ಬಾಗಿಲು ಒಂದು ಕಡೆಗೆ ಎಳೆಯುತ್ತದೆ. ಶಾಕ್ ಒಳಗಿರುವುದು ನೈಟ್ರೋಜನ್ ಗ್ಯಾಸ್, ಚಳಿಗೆ ಒತ್ತಡ ಇಳಿಯುತ್ತದೆ. ಅದಕ್ಕೇ ಬೆಳಗ್ಗೆ ಈ ಕಾಟ. ಹಳೆಯದರ ಮೈಮೇಲೆ ಎಷ್ಟು ನ್ಯೂಟನ್ (ತಳ್ಳುವ ಬಲದ ಅಳತೆ) ಅಂತ ಇರುತ್ತದೆ, ಅಷ್ಟರದ್ದೇ ತನ್ನಿ.

ಇನ್ನೊಬ್ಬರು: ಮೊದಲು ಬಾಗಿಲಿಗೆ ಗಟ್ಟಿ ಕೋಲು ಕೊಡಿ, ಯಾರಾದರೂ ಹಿಡಿದುಕೊಂಡಿರಲಿ. ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಶಾಕ್ ತುದಿಯ ಕ್ಲಿಪ್ ಸ್ವಲ್ಪ ಎತ್ತಿ ಎಳೆದರೆ ಶಾಕ್ ಬರುತ್ತದೆ. ಹಳೆಯದಕ್ಕೆ ದಯವಿಟ್ಟು ತೂತು ಹಾಕಬೇಡಿ, ಒಳಗೆ ಒತ್ತಡ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಜೋಡಿಯನ್ನೇ ತರಿಸುತ್ತೇನೆ.