ಅಪ್‌ಡೇಟ್: ಒದ್ದೆ ಚಳಿಗೆ ಸಿಂಥೆಟಿಕ್ ಜಾಕೆಟ್ಟೇ ಕೊಂಡೆ

ಮಳೆ ಬೆರೆತ ಚಳಿಗಾಲಕ್ಕೆ ಪುಕ್ಕ ತುಂಬಿದ ಜಾಕೆಟ್ ಸರಿಯೋ ಸಿಂಥೆಟಿಕ್ ಸರಿಯೋ, ಎಷ್ಟು ದಪ್ಪದ್ದು ಬೇಕು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಕೊನೆಗೆ ಕೊಂಡದ್ದು ಚದರ ಮೀಟರಿಗೆ 100 ಗ್ರಾಂ ಪ್ರೈಮಾಲಾಫ್ಟ್ ಎಂಬ ಪಾಲಿಯೆಸ್ಟರ್ ಎಳೆ ತುಂಬಿದ, ಟೋಪಿ ಇರುವ ಜಾಕೆಟ್.

1980ರ ದಶಕದಲ್ಲಿ ಅಮೆರಿಕದ ಸೇನೆಗೆಂದು ಪುಕ್ಕದ ಬದಲಿಯಾಗಿ ರೂಪಿಸಿದ ಎಳೆ ಇದು. ಪುಕ್ಕ ನೆನೆದರೆ ಮುದ್ದೆಯಾಗಿ, ಒಳಗೆ ಹಿಡಿದಿಟ್ಟ ಬೆಚ್ಚನೆಯ ಗಾಳಿಯನ್ನು ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ಎಳೆ ನೀರು ಹೀರುವುದೇ ಅತ್ಯಲ್ಪ, ಹಾಗಾಗಿ ಉಬ್ಬು ಬಹುಪಾಲು ಉಳಿಯುತ್ತದೆ. ಮೊನ್ನೆ ಜಿಟಿಜಿಟಿ ಮಳೆಯಲ್ಲಿ ನಡೆದಾಗ ತೋಳಿನ ಮೇಲೆ ನೀರು ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು. ಬ್ಯಾಗಿನ ಪಟ್ಟಿ ಉಜ್ಜುವ ಭುಜದ ಮೇಲೆ ಮಾತ್ರ ಬಟ್ಟೆ ಕಪ್ಪಾಗಿ ನೀರು ಒಳಗಿಳಿಯಿತು. ತೇವವೆನಿಸಿತೇ ಹೊರತು ನಡುಕ ಹುಟ್ಟಲಿಲ್ಲ. ಜೋರು ಮಳೆಗಾದರೆ ಮೇಲೊಂದು ರೇನ್‌ಕೋಟ್ ಬೇಕೇ ಬೇಕು. ಜಾಕೆಟ್ಟಿನ ಚೀಟಿಯಲ್ಲಿ ಏನೇ ಬರೆದಿರಲಿ.

ಒಂದು ಅಳತೆ ದೊಡ್ಡದು ಕೊಳ್ಳಿ ಎಂಬ ಸಲಹೆಯನ್ನು ಪಾಲಿಸಲಿಲ್ಲ, ಕ್ಷಮಿಸಿ. ಒಳಗೆ ಸ್ವೆಟರ್ ಹಾಕಿಕೊಂಡೇ ತೊಟ್ಟು ನೋಡಿದೆ. ಕೈ ಮೇಲೆತ್ತಿದರೂ ಸೊಂಟ ಬಯಲಾಗಲಿಲ್ಲ, ನನಗಷ್ಟು ಸಾಕು. ತೀರಾ ಸಡಿಲವಾದರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ.

ತಕರಾರಿರುವುದು ಗಾತ್ರದ ಬಗ್ಗೆ. ಎಷ್ಟು ಮಡಚಿದರೂ ಬ್ಯಾಗಿನ ಅರ್ಧ ಜಾಗ ಅದಕ್ಕೇ. ಸದಾ ಅದುಮಿಟ್ಟರೆ ಎಳೆಗಳು ಚಪ್ಪಟೆಯಾಗುವುದರಿಂದ ಮನೆಯಲ್ಲಿ ಹ್ಯಾಂಗರಿಗೆ ನೇತುಹಾಕುತ್ತೇನೆ. ಒಗೆಯುವಾಗ ಬಟ್ಟೆ ಮೃದುವಾಗಿಸುವ ದ್ರವ ಬೇಡ ಎಂದು ಎಚ್ಚರಿಸಿದವರಿಗೆ ವಿಶೇಷ ನಮಸ್ಕಾರ. ಅದು ನೀರು ಜಾರಿಸುವ ಗುಣವನ್ನೇ ಕೆಡಿಸುತ್ತದೆ.