‘ಆರೈಕೆ ಸಿಕ್ತಾ?’: ಹೆರಿಗೆಯ ನಂತರದ ತಪಾಸಣೆಗೆ ಯಾವ ಮಾತು?

ತಾಯಂದಿರ ಆರೋಗ್ಯ ಸಮೀಕ್ಷೆಗಳ ಕನ್ನಡ ಪ್ರಶ್ನಾವಳಿಯಲ್ಲಿ ‘ಪ್ರಸವೋತ್ತರ ಆರೈಕೆ ಪಡೆದಿದ್ದೀರಾ?’ ಎಂಬಂಥ ಪ್ರಶ್ನೆ ಅಚ್ಚಾಗಿರುವುದುಂಟು. ಆ ಮಾತು ಯಾರ ಬಾಯಲ್ಲೂ ಇಲ್ಲದ್ದರಿಂದ ಕೇಳುವವರು ಅದನ್ನು ‘ಹೆರಿಗೆ ಆದ್ಮೇಲೆ ಆರೈಕೆ ಸಿಕ್ತಾ?’ ಎಂದು ತಿರುಗಿಸಿಕೊಳ್ಳುತ್ತಾರೆ. ತೊಡಕು ಹುಟ್ಟುವುದು ಅಲ್ಲಿಯೇ. ಬಾಣಂತಿಯ ಆರೈಕೆ ಎಂದರೆ ನಮ್ಮಲ್ಲಿ ಬಾಣಂತನ: ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು, ಸಾಂಬ್ರಾಣಿ ಹೊಗೆ, ಪಥ್ಯದ ಊಟ, ತವರಿನಲ್ಲಿ ಮೂರೋ ಐದೋ ತಿಂಗಳು. ‘ಹ್ಞೂಂ, ನಮ್ಮವ್ವ ಚೆನ್ನಾಗಿ ಮಾಡಿದ್ಲು’ ಎಂಬ ಉತ್ತರಕ್ಕೂ ‘ಹೌದು’ ಎಂದೇ ಗುರುತು ಬೀಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಣಿಸುವುದಾದರೋ ಹೆರಿಗೆಯಾದ 2 ದಿನದೊಳಗೆ ವೈದ್ಯರೋ ನರ್ಸೋ ಬೇರೆ ಆರೋಗ್ಯ ಸಿಬ್ಬಂದಿಯೋ ತಾಯಿಯನ್ನು ಪರೀಕ್ಷಿಸಿದರೇ ಎಂಬುದನ್ನು.

ಮರುಅನುವಾದ ಮಾಡಿಸಿದರೆ, ಅಂದರೆ ಕನ್ನಡ ಪ್ರಶ್ನೆಯನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಸಿದರೆ, ಈ ತಪ್ಪು ಸಿಕ್ಕಿಬೀಳುವುದಿಲ್ಲ. ‘ಆರೈಕೆ’ಯನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೂಲದ ‘ಕೇರ್’ ಪದವೇ ಮರಳಿ ಬರುತ್ತದೆ, ಎಲ್ಲ ಸರಿಯಿದೆ ಎನ್ನಿಸುತ್ತದೆ. ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಕೆಲವು ಬಾಣಂತಿಯರಿಗೆ ಓದಿ ಹೇಳಿ, ‘ಇದರಲ್ಲಿ ಏನು ಕೇಳಿದ ಹಾಗಾಯಿತು, ನಿಮ್ಮ ಮಾತಲ್ಲೇ ಹೇಳಿ’ ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ.

‘ಆರೈಕೆ’ ಬಿಟ್ಟು ‘ನೋಡು’ ಹಿಡಿಯೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ‘ಡಾಕ್ಟರು ನೋಡಿದರು’ ಎಂದರೆ ಪರೀಕ್ಷೆ ಮಾಡಿದರು. ‘ನೋಡಿಕೊಂಡರು’ ಎಂದರೆ ಉಪಚರಿಸಿದರು, ಆದರದಿಂದ ನಡೆಸಿಕೊಂಡರು. ‘ನೋಡಿಕೊಂಡು ಹೋದರು’ ಎಂದರೆ ಬರಿಯ ಭೇಟಿ. ಒಂದು ‘ಕೊಳ್ಳು’ ಸೇರಿದರೆ ಪ್ರಶ್ನೆಯೇ ಬೇರೆ. ಇನ್ನೊಂದು, ಕನ್ನಡದಲ್ಲಿ ಕರ್ಮಪದ ಸುಲಭವಾಗಿ ಬಿಟ್ಟುಹೋಗುತ್ತದೆ. ‘ಆಶಾ ಬಂದು ನೋಡಿದ್ರಾ?’ ಎಂದರೆ ಯಾರನ್ನು? ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಅದು ಮುಖ್ಯವಾಗಿ ನವಜಾತ ಶಿಶುವಿನ ಕಾರ್ಯಕ್ರಮ. ಕೂಸನ್ನು ತೂಗಿ, ಮೈ ಬಿಸಿ ನೋಡಿ ಹೋದರೂ ತಾಯಿ ‘ನೋಡಿದ್ರು’ ಎಂದೇ ಹೇಳುತ್ತಾಳೆ. ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಆಗುವಂಥದ್ದು. ಆಗ ತಾಯಿಯನ್ನು ಯಾರೂ ಮುಟ್ಟಿ ನೋಡದಿದ್ದರೂ ಲೆಕ್ಕದಲ್ಲಿ ಎಲ್ಲ ಆಗಿದೆ ಎಂದು ಬರುವುದು ಸಣ್ಣ ತಪ್ಪಲ್ಲ.

ಹಾಗಾಗಿ ಹೆಸರನ್ನು ಬಿಟ್ಟು ಕ್ರಿಯೆಯನ್ನೇ ಕೇಳುವುದು ಲೇಸು: ‘ಹೆರಿಗೆಯಾದ ಮೇಲೆ, ಆಸ್ಪತ್ರೆಯಿಂದ ಮನೆಗೆ ಕಳಿಸೋ ಮೊದಲು, ಡಾಕ್ಟರಾಗಲಿ ನರ್ಸಾಗಲಿ ನಿಮಗೆ ಬಿ.ಪಿ. ನೋಡಿದ್ರಾ? ಹೊಟ್ಟೆ ಒತ್ತಿ ನೋಡಿದ್ರಾ? ರಕ್ತ ಎಷ್ಟು ಹೋಗ್ತಿದೆ ಅಂತ ಕೇಳಿದ್ರಾ?’ ಕೂಸಿನದು ಬೇರೆಯೇ ಪ್ರಶ್ನೆಯಾಗಲಿ.

ಬಸುರಿನ ಲೆಕ್ಕದ ‘ತಿಂಗಳು’ ಎಂಬುದರಲ್ಲೂ ಇಂಥದೇ ತೊಡಕು. ‘ಮೂರರಲ್ಲಿ ಬಿದ್ದಾಗ ತಾಯಿ ಕಾರ್ಡ್ ಮಾಡಿಸಿದೆ’ ಎಂದರೆ ಎರಡು ತುಂಬಿ ಮೂರನೆಯದು ನಡೆಯುತ್ತಿದೆ. ‘ಮುಟ್ಟು ನಿಂತು ಮೂರು ತಿಂಗಳು’ ಎಂದರೆ, ಮುಟ್ಟು ತಪ್ಪಿದ ದಿನದಿಂದ ಎಣಿಸಿದ್ದಾದರೆ, ಕೊನೆಯ ಮುಟ್ಟಿನಿಂದ ಲೆಕ್ಕ ಹಾಕುವ ವೈದ್ಯರಿಗೆ ಅದು ನಾಲ್ಕರ ಹತ್ತಿರ. ಮೊದಲ ತಪಾಸಣೆ 12 ವಾರದೊಳಗೆ ಆಯಿತೇ ಎಂಬುದು ಇದರಿಂದ ಏರುಪೇರಾಗುತ್ತದೆ. ಕಾರ್ಡಿನಲ್ಲಿರುವ ತಾರೀಖುಗಳನ್ನೇ ಬರೆದುಕೊಳ್ಳಬೇಕು.

ಈಗ ಕೇಳಬೇಕಾದದ್ದು: ಬಾಣಂತಿಯನ್ನು ಆರೋಗ್ಯ ಸಿಬ್ಬಂದಿ ಪರೀಕ್ಷಿಸುವುದಕ್ಕೆ ನಿಮ್ಮ ಕಡೆ ಹೆಂಗಸರು ಬಳಸುವ ಮಾತು ಯಾವುದು? ‘ಚೆಕಪ್’ ಎಂದರೆ ಬಸುರಿಯ ತಪಾಸಣೆ ಮಾತ್ರವೇ, ಬಾಣಂತಿಗೂ ಸಲ್ಲುತ್ತದೆಯೇ? ಬೀದರ್, ಕಲಬುರಗಿ ಮತ್ತು ಕರಾವಳಿಯವರು ಬಳಕೆಯ ವಾಕ್ಯದೊಡನೆ ತಿಳಿಸಿದರೆ ಉಪಕಾರ.