ಕೌಂಟರಿನ ಪೋಸ್ಟರು, ಎರಡನೇ ಸಾಲು

ಗುಂಪು: ಬಿ.ಫಾರ್ಮ್ ಕೊನೇ ಬೆಂಚು

ಗಿರೀಶ: (ಫಾರ್ವರ್ಡ್) "ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರೇ ಎಚ್ಚರ! ಒಂದು ಹನಿ ಮದ್ಯ ಬಿದ್ದರೂ ಪ್ರಾಣಾಪಾಯ. ಪಾರ್ಟಿ ಇರುವ ದಿನ ಮಾತ್ರೆ ತಪ್ಪಿಸಿ. ಎಲ್ಲರಿಗೂ ಹಂಚಿ."

ಗಿರೀಶ: ದೊಡ್ಡದಾಗಿ ಪ್ರಿಂಟ್ ಹಾಕಿಸಿ ನನ್ನ ಮೆಡಿಕಲ್ ಅಂಗಡಿ ಕೌಂಟರಿಗೆ ಅಂಟಿಸ್ತಿದೀನಿ. ಯಾರಿಗೆ ಬೇಕು ಹೇಳಿ, ಒಟ್ಟಿಗೆ ಹಾಕಿಸಿದ್ರೆ ಕಮ್ಮಿಗೆ ಬೀಳುತ್ತೆ.

ಸುಮಾ: ಅಂಟಿಸಬೇಡ ಕಣೋ. ಮೊದಲನೇ ಸಾಲು ಅರ್ಧ ತಪ್ಪು, ಎರಡನೇದು ಪೂರ್ತಿ ತಪ್ಪು.

ಗಿರೀಶ: ಕುಡೀಬೇಡಿ ಅನ್ನೋದ್ರಲ್ಲಿ ತಪ್ಪೇನು?

ಸುಮಾ: "ಮಾತ್ರೆ ತಪ್ಪಿಸಿ" ಅಂತಿದೆಯಲ್ಲ, ಅದು. ಖಿನ್ನತೆಗೆ ಕೊಡೋ ಎಸ್ಸಿಟಾಲೊಪ್ರಾಮ್ ಅರ್ಧಾಯುಷ್ಯ, ಅಂದ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯೋ ಹೊತ್ತು, ಸುಮಾರು 30 ಗಂಟೆ. ಶುಕ್ರವಾರ ಬೆಳಗ್ಗೆ ಎಂಟಕ್ಕೆ ನುಂಗಿ ಶನಿವಾರದ್ದು ಬಿಟ್ಟರೂ, ಶನಿವಾರ ರಾತ್ರಿ ಎಂಟಕ್ಕೆ ಇನ್ನೂ ಶೇ. 40ಕ್ಕಿಂತ ಹೆಚ್ಚು ರಕ್ತದಲ್ಲೇ ಇರುತ್ತೆ. ಫ್ಲುಒಕ್ಸೆಟಿನ್ ಆದ್ರೆ ದಿನಗಳ ಲೆಕ್ಕ, ಅದು ಒಡೆದು ಆಗೋ ನಾರ್‌ಫ್ಲುಒಕ್ಸೆಟಿನ್ ವಾರಗಟ್ಟಲೆ ಉಳಿಯುತ್ತೆ. ಯಾವುದನ್ನ ತಪ್ಪಿಸಿದ ಹಾಗಾಯ್ತು?

ಸುಮಾ: ವೆನ್ಲಾಫಾಕ್ಸಿನ್ ಇದಕ್ಕೆ ಉಲ್ಟಾ. ಅದರ ಅರ್ಧಾಯುಷ್ಯ 5 ಗಂಟೆ, ಅದು ಒಡೆದು ಆಗೋದರದ್ದು 11. ಒಂದು ಡೋಸ್ ತಪ್ಪಿದ್ರೂ ಕೆಲವರಿಗೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂತೆ. ಅದರ ಮೇಲೆ ಹ್ಯಾಂಗೋವರ್. ಭಾನುವಾರ ಬೆಳಗ್ಗೆ ಎರಡೂ ಒಟ್ಟಿಗೆ ಬಂದ್ರೆ "ಈ ಮಾತ್ರೆ ನಂಗೆ ಆಗಿಬರಲ್ಲ" ಅಂತ ಮಾತ್ರೆ ಬಿಡ್ತಾರೆ, ಎಣ್ಣೆ ಬಿಡಲ್ಲ.

ಇಕ್ಬಾಲ್: ಒಂದು ಹನಿ ಕಥೆ ಬಂದದ್ದು ಬಹುಶಃ ಭೇದಿಗೆ ಕೊಡುವ ಮೆಟ್ರೊನಿಡಜೋಲ್‌ನಿಂದ ಮಾರಾಯ. ಮದ್ಯ ಮುಟ್ಟಬೇಡಿ ಅನ್ನುವ ಅದರ ಎಚ್ಚರಿಕೆಯನ್ನು ತಂದು ಇಲ್ಲಿ ಹಚ್ಚಿರಬೇಕು. ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಎರಡರ ಹಳೆಯ ಅಮೆರಿಕದ ಲೇಬಲ್‌ನಲ್ಲೂ ಇತ್ತು: ಪ್ರಯೋಗದಲ್ಲಿ ಮದ್ಯದ ಮಂಪರನ್ನು ಮಾತ್ರೆ ಹೆಚ್ಚು ಮಾಡಲಿಲ್ಲ, ಆದರೂ ಜೊತೆಗೆ ಕುಡಿಯುವುದನ್ನು ನಾವು ಸೂಚಿಸುವುದಿಲ್ಲ ಅಂತ. ಒಂದು ಹನಿಗೆ ಸಾಯುವುದಾದರೆ ನಿನ್ನ ಅಂಗಡಿಯ ಅಶ್ವಗಂಧಾರಿಷ್ಟಕ್ಕೆ ಏನು ಹೇಳ್ತಿ? ಅದರಲ್ಲೂ ಶೇ. 5ರಿಂದ 10 ಆಲ್ಕೋಹಾಲ್ ಉಂಟಲ್ಲ.

ಬಸು: ನಾ ಒಪ್ಪಂಗಿಲ್ಲ. ನೀವು ಹಿಂಗ ಬಿಡಿಸಿ ಬರದ್ರ ಜನ "ಸ್ವಲ್ಪ ಕುಡೀಬಹುದು" ಅಂತ ಓದ್ತಾರ. ನಮ್ಮ ಕಡೆ ಸ್ವಲ್ಪ ಅಂದ್ರ ಕ್ವಾರ್ಟರ್. ಲೆಕ್ಕ ಹಾಕ್ರಿ: ಶೇ. 42.8ರ ವಿಸ್ಕಿ 30 ಮಿಲಿ ಅಂದ್ರ 10 ಗ್ರಾಂ ಆಲ್ಕೋಹಾಲ್. ಕ್ವಾರ್ಟರ್ 180 ಮಿಲಿ, 60 ಗ್ರಾಂ. ಲಿವರ್ ತಾಸಿಗೆ ಹೆಚ್ಚುಕಮ್ಮಿ 7 ಗ್ರಾಂ ತೆಗೀತೈತಿ. ರಾತ್ರಿ ಹತ್ತಕ್ಕ ಮುಗಿಸಿದಾಂವ ಮುಂಜಾನೆ ಆರಕ್ಕ ಗಾಡಿ ಹತ್ತಿದ್ರ ಇನ್ನೂ ಪೂರ್ತಿ ಇಳಿದಿರಲಿಕ್ಕಿಲ್ಲ.

ಬಸು: "ಬರೇ ಬಿಯರ್ ರೀ" ಅನ್ನಾವರದು ಇನ್ನೊಂದು. 650 ಮಿಲಿ ಸ್ಟ್ರಾಂಗ್, ಶೇ. 8 ಇದ್ರ 41 ಗ್ರಾಂ. ನಾಲ್ಕು ಸ್ಮಾಲ್ ಪೆಗ್ ಆತು.

ಇಕ್ಬಾಲ್: ಲೆಕ್ಕ ಸರಿ ಉಂಟು ಬಸು. ಆದರೆ ಹೆದರಿಸಿದರೆ ಅವ ಬಿಡುವುದು ಯಾವುದನ್ನು ಅಂತ ಸುಮಾ ಈಗಷ್ಟೇ ಹೇಳಿದಳಲ್ಲ.

ಸುಮಾ: ನಿಜವಾದ ಅಪಾಯ ಇರೋ ಜಾಗ ಪೋಸ್ಟರಿನಲ್ಲೇ ಇಲ್ಲ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ 10 ಮಿಗ್ರಾಂ ಜೊತೆ ಮಂಪರು ತರೋ ಕ್ಲೋನಾಜೆಪಾಮ್ 0.5 ಒಂದೇ ಮಾತ್ರೆಯಲ್ಲಿ ಎಷ್ಟು ಹೋಗುತ್ತೆ ನೋಡು. ಗಿರಾಕಿಗೆ ಅದು "ಟೆನ್ಷನ್ ಮಾತ್ರೆ", ಒಳಗೆ ಎರಡು ಔಷಧಿ ಇದೆ ಅಂತ ಗೊತ್ತಿರಲ್ಲ. ಮದ್ಯ, ಕ್ಲೋನಾಜೆಪಾಮ್ ಎರಡೂ ಉಸಿರಾಟವನ್ನ ತಗ್ಗಿಸೋವು. ಎರಡೂ ಸೇರಿ ಗಾಢವಾಗಿ ಮಲಗಿಸಿದಾಗ ವಾಂತಿ ಬಂದ್ರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಸುಮಾ: ಅಂಥವರನ್ನ ಅಂಗಾತ ಮಲಗಿಸಬಾರದು, ಪಕ್ಕಕ್ಕೆ ತಿರುಗಿಸಬೇಕು. ಅಲುಗಾಡಿಸಿದರೂ ಎಚ್ಚರ ಆಗದಿದ್ರೆ, ಉಸಿರು ನಿಧಾನ ಆದ್ರೆ, ತುಟಿ ನೀಲಿಯಾದ್ರೆ 108. "ನಿದ್ದೆ ಮಾಡ್ಲಿ ಬಿಡಿ, ಇಳಿಯುತ್ತೆ" ಅನ್ನೋ ಹೊತ್ತಲ್ಲ ಅದು.

ಇಕ್ಬಾಲ್: ಮತ್ತೊಂದು. ಖಿನ್ನತೆಯ ಮಾತ್ರೆಗಳು ಬೇರೆ ಕಾಯಿಲೆಗೂ ಹೋಗ್ತವೆ. ಅಮಿಟ್ರಿಪ್ಟಿಲಿನ್ 10, 25 ಮೈಗ್ರೇನಿಗೆ, ನರನೋವಿಗೆ ಹೋಗ್ತದೆ. ಡುಲೊಕ್ಸೆಟಿನ್ ಸಕ್ಕರೆ ಕಾಯಿಲೆಯವರ ಕಾಲುರಿಗೆ. ಜೋರು ಕುಡಿಯುವವರಿಗೆ ಅದನ್ನು ಕೊಡಲೇಬಾರದು, ಲಿವರಿಗೆ ಪೆಟ್ಟು. ಬ್ಯುಪ್ರೊಪಿಯಾನ್ ಸಿಗರೇಟು ಬಿಡಲಿಕ್ಕೆ. ದಿನಾ ಕುಡಿಯುವವ ಅದನ್ನು ನುಂಗುತ್ತಾ ಕುಡಿತ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಇವರಿಗೆಲ್ಲ ಖಿನ್ನತೆ ಇಲ್ಲ. "ಖಿನ್ನತೆಯ ಮಾತ್ರೆ" ಅಂತ ಬರೆದರೆ ಇದು ತಮಗಲ್ಲ ಅಂತ ಮುಂದೆ ಹೋಗ್ತಾರೆ.

ಗಿರೀಶ: ಸರಿಯಪ್ಪಾ. "ದಿನಾ ಕುಡಿಯುವವರು ಇವತ್ತೇ ನಿಲ್ಲಿಸಿ" ಅಂತ ಹಾಕ್ಲಾ?

ಬಸು: ಅದೂ ಬ್ಯಾಡ! ವರ್ಷಾನುಗಟ್ಟಲೆ ದಿನಾ ಕ್ವಾರ್ಟರ್ ಮ್ಯಾಲೆ ಹಾಕಾಂವ ಒಮ್ಮಿಂದೊಮ್ಮೆ ಬಿಟ್ರ ಕೈ ನಡುಗತಾವ, 6ರಿಂದ 48 ತಾಸಿನೊಳಗ ಫಿಟ್ಸ್ ಬರಬಹುದು, ಎರಡು-ಮೂರು ದಿನಕ್ಕ ಭ್ರಮೆ ಶುರು ಆಗಬಹುದು. ಡಾಕ್ಟರ್ ಕೈಯಾಗ ಬಿಡಿಸಬೇಕು, ಗ್ಲೂಕೋಸ್ ಏರಿಸೂ ಮೊದಲ ಥಯಾಮಿನ್ (ಬಿ1 ವಿಟಮಿನ್) ಕೊಡಬೇಕು.

ಗಿರೀಶ: ಗೊತ್ತಾಗದ ಹಾಗೆ ಸಾರಿಗೆ ಹಾಕೋ ಪುಡಿ ಕೇಳ್ಕೊಂಡು ಬರ್ತಾರಲ್ಲ ಮನೆಯವರು?

ಸುಮಾ: ಅದು ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಆದ್ರೆ ಖಂಡಿತ ಕೊಡಬಾರದು. ನಿಲ್ಲಿಸಿದ ಎರಡು ವಾರದವರೆಗೂ ಕುಡಿದ್ರೆ ರಿಯಾಕ್ಷನ್. ಬಿಪಿ ಕುಸಿದು ಬಿದ್ದವನಿಗೆ ತಾನು ಏನು ತಿಂದಿದ್ದೆ ಅಂತಲೇ ಗೊತ್ತಿರಲ್ಲ.

ಇಕ್ಬಾಲ್: ಬೆಳಗ್ಗೆ ತಲೆನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೇಳುವವರೂ ಉಂಟು. ಸರ್ಟ್ರಾಲಿನ್ ಥರದವು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ಕಮ್ಮಿ ಮಾಡ್ತವೆ, ನೋವಿನ ಮಾತ್ರೆಯೂ ಮದ್ಯವೂ ಹೊಟ್ಟೆಯ ಗೋಡೆಯನ್ನು ಕೆರೀತವೆ. ಮಲ ಡಾಂಬರಿನ ಹಾಗೆ ಕಪ್ಪಗಾದರೆ ರಕ್ತ ಹೋಗ್ತಾ ಉಂಟು ಅಂತಲೇ ತಿಳೀಬೇಕು.

ಗಿರೀಶ: ಹೊಸದು ನೋಡಿ: "ಮನಸ್ಸು, ನಿದ್ದೆ, ನರನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಮದ್ಯ ಬೇಡ. ಕುಡಿದರೂ ಮಾತ್ರೆ ಬಿಡಬೇಡಿ."

ಸುಮಾ: ಕೊನೇ ಸಾಲು ಮತ್ತೆ ಎಡವಟ್ಟು. ಒಂಬತ್ತಕ್ಕೆ ಕುಡಿದು ಹತ್ತಕ್ಕೆ ಕ್ಲೋನಾಜೆಪಾಮ್ ಇರೋ ಮಾತ್ರೆ ನುಂಗಿದ್ರೆ? ಕುಡಿದ ರಾತ್ರಿ ಮಂಪರಿನ ಮಾತ್ರೆ ಅದರ ಮೇಲೆ ಹಾಕಬಾರದು.

ಗಿರೀಶ: ಅಂದ್ರೆ ನನ್ನ ಎರಡನೇ ಸಾಲು ಸರಿಯಾಗಿತ್ತು!

ಸುಮಾ: ಇಲ್ಲ ಗಿರೀಶ. ನಾಳೆ ಕುಡಿಯೋಕೆ ಅಂತ ಇವತ್ತೇ ಬಿಡೋದು ಬೇರೆ, ಕುಡಿದಾದ ಮೇಲೆ ಮಂಪರನ್ನ ಹೇರಿಕೊಳ್ಳದಿರೋದು ಬೇರೆ. ಮಾರನೇ ದಿನ ಎಂದಿನ ಹೊತ್ತಿಗೆ ಎಂದಿನ ಒಂದೇ ಮಾತ್ರೆ. ತಪ್ಪಿದ್ದಕ್ಕೆ ಎರಡು ನುಂಗಬಾರದು. ವಾರಕ್ಕೆ ಎರಡು ಸಲ ಹೀಗಾಗ್ತಿದ್ರೆ ಡಾಕ್ಟರಿಗೆ ಹೇಳ್ಲೇಬೇಕು, ಅವರು ಕ್ಲೋನಾಜೆಪಾಮ್ ಇಲ್ಲದ್ದಕ್ಕೆ ಬದಲಾಯಿಸಬಹುದು.

ಬಸು: ಇಷ್ಟೆಲ್ಲ ಒಂದು ಪೋಸ್ಟರಿನ್ಯಾಗ ಹಿಡಿಯಂಗಿಲ್ಲ. ಪೋಸ್ಟರ್ ಬಿಡು, ಮಾತ್ರೆ ಕೊಡೂ ಮುಂದ ಕೇಳು.

ಗಿರೀಶ: ಹತ್ತು ಜನ ನಿಂತಿರೋ ಕೌಂಟರಲ್ಲಿ "ಕುಡೀತೀರಾ" ಅಂದ್ರೆ ಯಾವನೋ ಹೌದು ಅಂತಾನೆ?

ಇಕ್ಬಾಲ್: ಹಾಗೆ ಕೇಳಬೇಡ. "ರಾತ್ರಿ 90 ಆದ್ರೂ 180 ಆದ್ರೂ ಇದ್ದರೆ ಇದನ್ನು ಅದರ ಮೇಲೆ ನುಂಗಬೇಡಿ" ಅಂತ ಮೆಲ್ಲಗೆ ಹೇಳಿ ಕೊಡು. ಉತ್ತರ ಬೇಕಾಗಿಲ್ಲ ನಿನಗೆ. ಅವನ ಕಿವಿಗೆ ಬಿದ್ದರೆ ಸಾಕು.

ಬಸು: ಆದ್ರೂ ಮೊದಲನೇ ಮಾತು "ಮದ್ಯ ಬೇಡ" ಅಂತನ ಇರಬೇಕು. ಖಿನ್ನತೆ ಇಳಿಸಾಕ ಮಾತ್ರೆ, ಏರಸಾಕ ಎಣ್ಣೆ. ಎರಡು ಪೆಗ್ಗಿಗೆ ನಿದ್ದಿ ಬರತೈತಿ, ನಡುರಾತ್ರಿ ಎಚ್ಚರಾಗತೈತಿ. ಮಾತ್ರೆ ಕೆಲಸ ಮಾಡವಲ್ದು ಅಂತ ಡೋಸ್ ಏರಸ್ಕೋತ ಹೋಗ್ತಾರ, ಬಾಟಲಿ ಸುದ್ದಿ ಯಾರೂ ಎತ್ತಂಗಿಲ್ಲ.

ಸುಮಾ: ಅದಕ್ಕೆ ನನ್ನ ತಕರಾರಿಲ್ಲ.

ಗಿರೀಶ: ಪೋಸ್ಟರ್ ಡಿಲೀಟ್ ಮಾಡಿದೆ. ಚಿಕ್ಕ ಸ್ಟಿಕ್ಕರ್ ಹಾಕಿಸ್ತೀನಿ: "ಮದ್ಯ ಬೇಡ. ಕುಡಿದಿದ್ದರೆ ಈ ರಾತ್ರಿ ಇದನ್ನು ನುಂಗಬೇಡಿ. ನಾಳೆ ಎಂದಿನಂತೆ ಒಂದೇ." ಕ್ಲೋನಾಜೆಪಾಮ್ ಇರೋದಕ್ಕೆ ಮಾತ್ರ.

ಬಸು: ಕೆಳಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಾಕು. ಕನ್ನಡದಾಗ ಮಾತಾಡ್ತಾರ.

ಗಿರೀಶ: ಹಾಕ್ದೆ. ಸ್ಟ್ರಿಪ್ ಹಿಂದುಗಡೆ ಅಂಟಿಸ್ತೀನಿ.

ಸುಮಾ: ಬ್ಯಾಚ್ ನಂಬರು, ಎಕ್ಸ್‌ಪೈರಿ ಮುಚ್ಚಿ ಹೋಗುತ್ತೆ ಮಾರಾಯಾ. ಕವರಿಗೆ ಅಂಟಿಸು.